ಸೀಸೆಯ ಮೇಲಿನ ಹೆಸರು

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ)

ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಮದ್ಯದ ವಿಷಯವನ್ನೆತ್ತಿಕೊಂಡು ಬರೆಯುವುದು ಉಚಿತವೇ ಎಂದು ವಾಚಕರು ಕೇಳಬಹುದು. ಆದುದರಿಂದ ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ: ಈ ಲೇಖಕನು ಮದ್ಯವನ್ನು ಮುಟ್ಟಿದವನಲ್ಲ, ಮುಟ್ಟಿರೆಂದು ಯಾರಿಗೂ ಹೇಳುವವನೂ ಅಲ್ಲ. ನಮ್ಮ ಓಣಿಯಲ್ಲಿ ಕುಡಿತದಿಂದ ಹಾಳಾದ ಎರಡು ಮನೆಗಳನ್ನು ಕಣ್ಣಾರೆ ಕಂಡಿದ್ದೇನೆ. ಮಾದಕ ಪಾನೀಯಗಳ ನಿಷೇಧಕ್ಕೆ ಸರ್ಕಾರವು ಯತ್ನಿಸಬೇಕೆಂದು ನಮ್ಮ ಸಂವಿಧಾನದ ೪೭ನೆಯ ಅನುಚ್ಛೇದವು ವಿಧಿಸುವುದನ್ನೂ ಬಲ್ಲೆ. ಸೀಸೆಯೊಳಗಿನ ರಸದ ರುಚಿಯನ್ನು ವರ್ಣಿಸುವ ಯೋಗ್ಯತೆ ನನಗಿಲ್ಲ. ಸೀಸೆಯ ಮೇಲೆ ಅಂಟಿಸಿದ ಚೀಟಿಯನ್ನು ಮಾತ್ರ ಓದಬಲ್ಲೆ. ಅದನ್ನು ಓದಿದಾಗ ಮನಸ್ಸಿನಲ್ಲಿ ಎದ್ದ ವಿಚಾರಗಳನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮೂರಿನ ನಿವೃತ್ತ ಮಾಸ್ತರರ ಮಗ ಅಮೆರಿಕೆಯಲ್ಲಿ ನೌಕರಿಯಲ್ಲಿದ್ದಾನೆ. ಹಿಂದಿನ ಸಲ ಬಂದಾಗ ಯಾವನೋ ಗೆಳೆಯನಿಗೆ ಕಾಣಿಕೆಯೆಂದು ಒಂದು ಕೆಂಪು ವೈನಿನ ಸೀಸೆಯನ್ನು ತಂದಿದ್ದನಂತೆ. ಅದು ಬರಿದಾದ ಮೇಲೆ ಮಾಸ್ತರರ ಮನೆಯವರು ಅದನ್ನು ಚೆನ್ನಾಗಿ ತೊಳೆದು, ನೀರು ತುಂಬಿ, ಒಂದು ಮನಿ ಪ್ಲಾಂಟ್ ಬಳ್ಳಿಯನ್ನಿಟ್ಟು ಕಿಟಕಿಯಲ್ಲಿ ನಿಲ್ಲಿಸಿದ್ದಾರೆ. ದೀಪಾವಳಿಯ ರಜೆಯಲ್ಲಿ ನಾನೂ ನಮ್ಮಪ್ಪನೂ ಅವರ ಮನೆಗೆ ಹೋಗಿದ್ದಾಗ ಅಪ್ಪ ಆ ಸೀಸೆಯನ್ನು ತೋರಿಸಿ, ‘ಏನು ಬರದದ ಓದಲೇ ತಮ್ಮಾ’ ಎಂದ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಆದುದರಿಂದ ಔಷಧದ ಡಬ್ಬಿಯಿಂದ ಹಿಡಿದು ಬ್ಯಾಂಕಿನ ನೋಟೀಸಿನವರೆಗೆ ಎಲ್ಲವನ್ನೂ ಓದಿ ಹೇಳುವ ಕೆಲಸ ನನ್ನದೇ. ಓದಿದೆ. ಮೇಲೆ ಅಮೆರಿಕೆಯ ಒಂದು ದೊಡ್ಡ ಮಳಿಗೆಯ ಮುದ್ರೆ. ನಡುವೆ ದಪ್ಪ ಅಕ್ಷರದಲ್ಲಿ ‘ಶಾತೋನೆಫ್ ದ್ಯು ಪಾಪ್’ ಎಂಬ ಫ್ರೆಂಚ್ ಊರಿನ ಹೆಸರು. ಕೆಳಗೆ ಸಣ್ಣಕ್ಷರದಲ್ಲಿ ಸೀಸೆ ತುಂಬಿದ ವರ್ತಕರ ಹೆಸರು.

‘ಇದು ಅಲ್ಲಿ ಬಹಳ ಅಗ್ಗವಂತೆ, ಸುಮಾರು ಇಪ್ಪತ್ತು ಡಾಲರ್’ ಎಂದರು ಮಾಸ್ತರರು. ನಮ್ಮ ಹಣದಲ್ಲಿ ಅದು ಒಂದು ಸಾವಿರದ ಏಳುನೂರು ರೂಪಾಯಿಗೆ ಕಡಿಮೆಯಾಗದೆಂದು ಲೆಕ್ಕ ಹಾಕಿ ಹೇಳಿದೆ. ಅಪ್ಪ ನಕ್ಕ. ‘ಇದು ಅಗ್ಗ ಅಂದ್ರ ತುಟ್ಟಿದು ಹೆಂಗಿರಬೇಕು!’ ಎಂದ. ಆಮೇಲೆ ಸೀಸೆಯನ್ನು ತಿರುಗಿಸಿ ತಿರುಗಿಸಿ ನೋಡಿ ಒಂದು ಪ್ರಶ್ನೆ ಕೇಳಿದ: ‘ಅಂಗಡಿಯವನ ಹೆಸರು ಓದಿದಿ, ಊರಿನ ಹೆಸರು ಓದಿದಿ, ತುಂಬಿದವನ ಹೆಸರೂ ಓದಿದಿ. ಬೆಳೆದಾಂವನ ಹೆಸರು ಎಲ್ಲೈತಿ?’

ನಾನು ಮತ್ತೊಮ್ಮೆ ಹಿಂದೆ ಮುಂದೆ ಹುಡುಕಿದೆ. ಇರಲಿಲ್ಲ. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ರಜೆಯ ಉಳಿದ ದಿನಗಳನ್ನು ಕಳೆದೆನು. ಅದರ ಫಲವೇ ಈ ಲೇಖನ.

ಶಾತೋನೆಫ್ ದ್ಯು ಪಾಪ್ ಎಂದರೆ ‘ಪೋಪರ ಹೊಸ ಕೋಟೆ’ ಎಂದರ್ಥ. ಅದು ಫ್ರಾನ್ಸಿನ ದಕ್ಷಿಣ ಭಾಗದಲ್ಲಿ, ರೋನ್ ನದಿಯ ಕಣಿವೆಯಲ್ಲಿರುವ ಒಂದು ಹಳ್ಳಿ. ೧೩೦೯ರಿಂದ ೧೩೭೭ರವರೆಗೆ ಕ್ರೈಸ್ತರ ಪರಮಗುರುಗಳಾದ ಪೋಪರು ರೋಮ್ ನಗರವನ್ನು ಬಿಟ್ಟು ಸಮೀಪದ ಆವಿನ್ಯೋಂ ಪಟ್ಟಣದಲ್ಲಿ ವಾಸವಾಗಿದ್ದರು. ಅವರಲ್ಲಿ ಇಪ್ಪತ್ತೆರಡನೆಯ ಜಾನ್ ಎಂಬವನು ಈ ಹಳ್ಳಿಯ ಗುಡ್ಡದ ಮೇಲೆ ಕೋಟೆ ಕಟ್ಟಿಸಿದನು. ಕೋಟೆ ಈಗ ಮುರಿದ ಗೋಡೆಯಾಗಿ ನಿಂತಿದೆ. ಹೆಸರು ಮಾತ್ರ ಲೋಕಪ್ರಸಿದ್ಧವಾಗಿದೆ. ಅಲ್ಲಿನ ಅನೇಕ ತೋಟಗಳಲ್ಲಿ ಮಣ್ಣೇ ಕಾಣದಷ್ಟು ಉರುಟು ಕಲ್ಲುಗಳು ಹರಡಿವೆಯಂತೆ. ಹಗಲೆಲ್ಲ ಬಿಸಿಲನ್ನುಂಡ ಆ ಕಲ್ಲುಗಳು ರಾತ್ರಿಯಲ್ಲಿ ಬಳ್ಳಿಗೆ ಕಾವನ್ನು ಕೊಡುತ್ತವೆ. ಗ್ರೆನಾಶ್ ಎಂಬ ಕಪ್ಪು ದ್ರಾಕ್ಷಿ ಅಲ್ಲಿನ ಮುಖ್ಯ ಬೆಳೆ. ತಮ್ಮ ತೋಟಗಳ ಮೇಲೆ ಆ ಊರಿನವರಿಗಿರುವ ಅಭಿಮಾನ ಎಷ್ಟೆಂದರೆ, ಆಕಾಶದಲ್ಲಿ ಹಾರುವ ತಟ್ಟೆಗಳ ಗುಲ್ಲೆದ್ದಿದ್ದ ೧೯೫೪ರಲ್ಲಿ, ಅಂಥ ವಾಹನಗಳಾವುವೂ ಊರಿನ ಎಲ್ಲೆಯೊಳಗೆ ಇಳಿಯಕೂಡದೆಂದು ಅಲ್ಲಿನ ಮೇಯರ್ ಆಜ್ಞೆಯನ್ನೇ ಹೊರಡಿಸಿದನು!

ಇಂಥ ಊರಿಗೂ ಹಿಂದೊಮ್ಮೆ ತನ್ನ ಹೆಸರು ತನ್ನದಾಗಿರಲಿಲ್ಲ. ಇಲ್ಲಿನ ಗಾಢವಾದ ವೈನನ್ನು ವರ್ತಕರು ಪೀಪಾಯಿಗಟ್ಟಲೆ ಕೊಂಡು ಉತ್ತರದ ಬರ್ಗಂಡಿ ಪ್ರಾಂತಕ್ಕೆ ಸಾಗಿಸಿ, ಅಲ್ಲಿನ ತೆಳುವಾದ ವೈನಿಗೆ ಬಲ ಬರಲೆಂದು ಬೆರೆಸುತ್ತಿದ್ದರು. ಸೀಸೆಯ ಮೇಲೆ ಬರ್ಗಂಡಿಯ ಹೆಸರು, ಒಳಗೆ ಶಾತೋನೆಫಿನ ಬೆವರು! ಅನಂತರ, ೧೮೬೦ರ ದಶಕದಲ್ಲಿ, ಫಿಲೊಕ್ಸೆರಾ ಎಂಬ ಸಣ್ಣ ಕೀಟವು ಇದೇ ರೋನ್ ಕಣಿವೆಯ ದಕ್ಷಿಣದಲ್ಲಿ ಮೊದಲು ಕಾಣಿಸಿಕೊಂಡು ಫ್ರಾನ್ಸಿನ ದ್ರಾಕ್ಷಿ ಬಳ್ಳಿಗಳ ಬೇರನ್ನು ತಿಂದುಹಾಕಿತು. ಅಮೆರಿಕೆಯ ಬಳ್ಳಿಯ ಬೇರಿಗೆ ಫ್ರೆಂಚ್ ಬಳ್ಳಿಯನ್ನು ಕಸಿಮಾಡಿ ತೋಟಗಳನ್ನು ಮತ್ತೆ ಎಬ್ಬಿಸುವುದರೊಳಗೆ ಒಂದು ತಲೆಮಾರೇ ಕಳೆಯಿತು. ಇತ್ತ ಊರಿನ ಹೆಸರಿಗೆ ಬೆಲೆ ಬಂದಂತೆಲ್ಲ ಹಳೆಯ ಅನ್ಯಾಯವು ತಿರುಗುಮುರುಗಾಯಿತು: ಎಲ್ಲೆಲ್ಲಿಯದೋ ಅಗ್ಗದ ವೈನು ಶಾತೋನೆಫಿನ ಹೆಸರಿನಲ್ಲಿ ಮಾರಾಟವಾಗತೊಡಗಿತು.

೧೯೨೩ರಲ್ಲಿ ಊರಿನ ಬೆಳೆಗಾರರು ಬ್ಯಾರನ್ ಲೆರುವಾ ಎಂಬವನ ಬಳಿಗೆ ಹೋದರು. ಅವನು ಕಾನೂನು ಓದಿದವನು, ಮೊದಲನೆಯ ಮಹಾಯುದ್ಧದಲ್ಲಿ ವಿಮಾನ ನಡೆಸಿದವನು, ಊರಿನಲ್ಲಿ ತೋಟವಿದ್ದವನು. ಬೆಳೆಗಾರರು ಮೊದಲು ತಾವೇ ಪ್ರಾಮಾಣಿಕರಾಗಿರಬೇಕೆಂಬ ಕರಾರಿನ ಮೇಲೆ ಅವನು ಈ ಕೆಲಸಕ್ಕೆ ಒಪ್ಪಿದನೆಂದು ಹೇಳುತ್ತಾರೆ. ಯಾವ ಜಮೀನು ಈ ಹೆಸರಿಗೆ ಅರ್ಹ, ಯಾವ ತಳಿಗಳನ್ನು ಬೆಳೆಯಬಹುದು, ರಸದಲ್ಲಿ ಮದ್ಯಸಾರ ಎಷ್ಟಿರಬೇಕು, ಕೆಟ್ಟ ಹಣ್ಣನ್ನು ಹೇಗೆ ಆರಿಸಿ ತೆಗೆಯಬೇಕು ಎಂಬ ನಿಯಮಗಳನ್ನು ಅವರು ಮಾಡಿಕೊಂಡರು. ಕಾಡು ಥೈಮ್ ಗಿಡವೂ ಲ್ಯಾವೆಂಡರ್ ಗಿಡವೂ ಬೆಳೆಯುವಂಥ ಬಡ ನೆಲವೇ ಯೋಗ್ಯವೆಂದು ಗೊತ್ತುಮಾಡಿದರು. ನ್ಯಾಯಸ್ಥಾನದ ವ್ಯಾಜ್ಯವು ವರ್ಷಗಟ್ಟಲೆ ನಡೆದು ೧೯೩೩ರಲ್ಲಿ ಬೆಳೆಗಾರರ ಪರವಾಗಿ ಮುಗಿಯಿತು. ೧೯೩೫ರಲ್ಲಿ ಇಡೀ ಫ್ರಾನ್ಸಿಗೆ ಅಂಥದೇ ಕಾಯಿದೆ ಬಂದು, ೧೯೩೬ರ ಮೇ ತಿಂಗಳಲ್ಲಿ ಆ ಕಾಯಿದೆಯಂತೆ ಹೆಸರಿನ ಹಕ್ಕನ್ನು ಪಡೆದ ಮೊದಲ ಊರುಗಳಲ್ಲಿ ಶಾತೋನೆಫೂ ಒಂದಾಯಿತು.

ಈ ನಿಯಮಗಳು ಕಾಗದದ ಮೇಲಿನ ಮಾತುಗಳಲ್ಲವೆಂಬುದಕ್ಕೆ ಒಂದು ಲೆಕ್ಕ ಸಾಕು. ಒಂದು ಹೆಕ್ಟೇರಿಗೆ ೩೫ ಹೆಕ್ಟೋಲೀಟರಿಗಿಂತ ಹೆಚ್ಚು ವೈನನ್ನು ಈ ಹೆಸರಿನಲ್ಲಿ ತೆಗೆಯಕೂಡದೆಂಬುದು ಅಲ್ಲಿನ ನಿಯಮ. ಎಂದರೆ ನಮ್ಮ ಎಕರೆಗೆ ಸುಮಾರು ೧,೪೦೦ ಲೀಟರು. ಹಣ್ಣನ್ನು ಕೈಯಿಂದಲೇ ಕೊಯ್ಯಬೇಕು; ಯಂತ್ರ ಹಾಯಿಸುವಂತಿಲ್ಲ. ಇಡೀ ಪ್ರದೇಶವೇ ಸುಮಾರು ೩,೨೦೦ ಹೆಕ್ಟೇರು, ಅಂದರೆ ಎಂಟು ಸಾವಿರ ಎಕರೆಯಷ್ಟು ಮಾತ್ರ.

ಹಾಗಿದ್ದ ಮೇಲೆ ಈ ಹೆಸರಿನ ಸೀಸೆ ಇಪ್ಪತ್ತು ಡಾಲರಿಗೆ ಹೇಗೆ ಸಿಗುತ್ತದೆ? ಅದೇ ಊರಿನ ‘ರಾಯಾಸ್’ ಎಂಬ ತೋಟದ ಸೀಸೆಗೆ ನೂರಾರು ಡಾಲರ್ ಬೆಲೆಯುಂಟು. ಅಗ್ಗದ್ದು ನಕಲಿಯೇ? ಅಲ್ಲ. ಕಾಯಿದೆಯು ಅಂಗಡಿಯ ಮುದ್ರೆಗೂ ತೋಟದ ಮುದ್ರೆಗೂ ಒಂದೇ. ಆ ಎಂಟು ಸಾವಿರ ಎಕರೆಯ ಹೊರಗೆ ಬೆಳೆದುದಕ್ಕೆ ಆ ಹೆಸರನ್ನು ಯಾರೂ ಅಂಟಿಸುವಂತಿಲ್ಲ.

ಬೆಲೆ ಇಳಿಯುವ ಬಗೆ ಹೀಗೆ: ಎಲ್ಲ ಬೆಳೆಗಾರರಿಗೂ ತಮ್ಮ ವೈನನ್ನೆಲ್ಲ ತಾವೇ ಸೀಸೆಗೆ ತುಂಬಿ, ಜಾಹೀರಾತು ಮಾಡಿ, ಗಿರಾಕಿಗಳನ್ನು ಹುಡುಕುವ ಶಕ್ತಿ ಇರುವುದಿಲ್ಲ. ಇದ್ದವರಿಗೂ ಕೆಲವು ವರ್ಷ ಮಾಲು ಮಿಗುತ್ತದೆ. ಅದನ್ನು ವರ್ತಕರು ಸಗಟಾಗಿ ಕೊಳ್ಳುತ್ತಾರೆ. ಹಲವು ತೋಟಗಳದನ್ನು ಹದವಾಗಿ ಬೆರೆಸುತ್ತಾರೆ. ದೊಡ್ಡ ಮಳಿಗೆಯವರು ಅದರ ಮೇಲೆ ತಮ್ಮ ಚೀಟಿ ಅಂಟಿಸಿ ಮಾರುತ್ತಾರೆ. ಅಮೆರಿಕೆಯ ಕಾಸ್ಟ್‌ಕೋ ಎಂಬ ಮಳಿಗೆಯು ೧೯೯೫ರಿಂದ ‘ಕರ್ಕ್‌ಲ್ಯಾಂಡ್ ಸಿಗ್ನೇಚರ್’ ಎಂಬ ಸ್ವಂತ ಹೆಸರಿನಲ್ಲಿ ಸಾಮಾನುಗಳನ್ನು ಮಾರುತ್ತಿದೆ. ಗೋಡಂಬಿಗೂ ಅದೇ ಹೆಸರು, ಕಾಗದದ ಸುರುಳಿಗೂ ಅದೇ ಹೆಸರು, ಶಾತೋನೆಫಿಗೂ ಅದೇ ಹೆಸರು. ಸ್ವಂತ ಹೆಸರಿನ ಮಾಲಿನ ಮೇಲೆ ಅಸಲಿಗೆ ನೂರಕ್ಕೆ ಹದಿನೈದರಷ್ಟಕ್ಕಿಂತ ಹೆಚ್ಚು ಏರಿಸಕೂಡದೆಂಬುದು ಆ ಮಳಿಗೆಯ ಪ್ರಸಿದ್ಧ ನಿಯಮ. ಬ್ರಿಟನ್ನಿನ ಟೆಸ್ಕೊ ಮೊದಲಾದವರೂ ಇಂಥ ಸ್ವಂತ ಮುದ್ರೆಯ ವೈನುಗಳನ್ನು ಮಾರುತ್ತಾರೆ.

ಇಂಥ ಸೀಸೆಯನ್ನು ಕಂಡರೆ ಮೂಗು ಮುರಿಯುವವರಿದ್ದಾರೆ. ಅಗ್ಗವಾದುದು ಒಳ್ಳೆಯದಾಗಿರಲಾರದೆಂಬುದು ಅವರ ವಾದ. ಇವರಿಗೆ ನಾನು ಒಂದು ಪ್ರಯೋಗವನ್ನು ನೆನಪಿಸುತ್ತೇನೆ. ಕ್ಯಾಲಿಫೋರ್ನಿಯದ ವಿದ್ವಾಂಸರು ನಡೆಸಿದ ಈ ಪ್ರಯೋಗದ ವಿವರ ೨೦೦೮ರಲ್ಲಿ ಪ್ರಕಟವಾಯಿತು. ಒಂದೇ ವೈನನ್ನು ಒಂದು ಸಲ ೧೦ ಡಾಲರಿನದೆಂದೂ ಮತ್ತೊಂದು ಸಲ ೯೦ ಡಾಲರಿನದೆಂದೂ ಹೇಳಿ ಜನರಿಗೆ ಕೊಟ್ಟರು. ತೊಂಬತ್ತರದೇ ಹೆಚ್ಚು ರುಚಿಯೆಂದು ಅವರು ಹೇಳಿದರು. ಅಷ್ಟೇ ಅಲ್ಲ, ಸುಖವನ್ನು ಗುರುತಿಸುವ ಮಿದುಳಿನ ಭಾಗವೂ ಆಗಲೇ ಹೆಚ್ಚು ಚುರುಕಾದುದು ಯಂತ್ರದಲ್ಲಿ ಕಂಡುಬಂದಿತು. ಅವರೇನೂ ಸುಳ್ಳು ಹೇಳುತ್ತಿರಲಿಲ್ಲ. ಬೆಲೆಯೇ ಅವರ ನಾಲಗೆಯ ಮೇಲೆ ಕುಳಿತಿದ್ದಿತು. ನಾವಾದರೂ ಮನುಷ್ಯರನ್ನು ಅಳೆಯುವಾಗ ಹೀಗೆ ಮಾಡುವುದಿಲ್ಲವೇ? ಪಟ್ಟಣದ ದೊಡ್ಡ ಕಾಲೇಜಿನ ಹೆಸರನ್ನು ಹೇಳಿದವನು ಬಾಯಿ ತೆರೆಯುವುದಕ್ಕೆ ಮುಂಚೆಯೇ ಜಾಣನೆನಿಸಿಕೊಳ್ಳುತ್ತಾನೆ. ಸರ್ಕಾರಿ ಕಾಲೇಜಿನವನು ಮಾತನಾಡಿ ತೋರಿಸಬೇಕಾಗುತ್ತದೆ. ಓದಿದ ಪಠ್ಯ ಒಂದೇ, ಬರೆದ ವಿಶ್ವವಿದ್ಯಾಲಯದ ಪರೀಕ್ಷೆಯೂ ಒಂದೇ ಆಗಿದ್ದಾಗ್ಯೂ ಈ ವ್ಯತ್ಯಾಸ ತಪ್ಪುವುದಿಲ್ಲ.

ಆದರೆ ನ್ಯಾಯವಾಗಿ ಹೇಳಬೇಕಾದರೆ ಇನ್ನೊಂದು ಪಕ್ಷವೂ ಉಂಟು. ಒಂದೇ ಊರಿನದೆಂದ ಮಾತ್ರಕ್ಕೆ ಎಲ್ಲ ಸೀಸೆಗಳೂ ಸಮಾನವೆನ್ನಲಾಗದು. ಬೆಳೆಗಾರನು ತನ್ನ ಉತ್ತಮವಾದ ಪೀಪಾಯಿಯನ್ನು ತನ್ನ ಹೆಸರಿಗೆ ಇಟ್ಟುಕೊಂಡು ಉಳಿದುದನ್ನು ವರ್ತಕನಿಗೆ ಕೊಡುವುದು ಸಹಜ. ಹಳೆಯ ಬಳ್ಳಿ, ತಾಳ್ಮೆಯ ಕೈ, ಒಂದೇ ತೋಟದ ಗುಣ, ಇವಕ್ಕೆ ಹೆಚ್ಚು ಬೆಲೆ ಕೊಡುವವರು ಮೂಢರೆಂದು ನಾನು ಹೇಳಲಾರೆ. ಕಾಯಿದೆಯು ಗುಣದ ಕೆಳಗಿನ ಮೆಟ್ಟಿಲನ್ನು ಗೊತ್ತುಮಾಡುತ್ತದೆ, ಮೇಲಿನದನ್ನು ಗೊತ್ತುಮಾಡುವುದಿಲ್ಲ. ಆ ಕೆಳಗಿನ ಮೆಟ್ಟಿಲು ಗಟ್ಟಿಯಾಗಿರುವುದರಿಂದಲೇ ಸಾಮಾನ್ಯ ಸಂಬಳದವನೂ ಮೋಸಹೋಗದೆ ಒಂದು ದೊಡ್ಡ ಊರಿನ ಫಲವನ್ನು ಕೊಳ್ಳಬಲ್ಲನು. ಇದು ಬೆಳೆಗಾರರೇ ಹೋರಾಡಿ ಪಡೆದ ಕಾಯಿದೆಯ ಉಪಕಾರ. ಕೊಳ್ಳುವವನ ಕಡೆಯಿಂದ ನೋಡಿದರೆ, ಅಂಗಡಿಯ ಮುದ್ರೆಯ ಈ ಸೀಸೆ ಒಂದು ಪ್ರಾಮಾಣಿಕವಾದ ವಸ್ತುವೆಂಬುದೇ ನನ್ನ ಅಭಿಪ್ರಾಯ.

ಬೆಳೆದವನ ಕಡೆಯಿಂದ ನೋಡಿದರೆ? ಅಪ್ಪನ ಪ್ರಶ್ನೆ ಇಲ್ಲಿ ಎದುರಾಗುತ್ತದೆ. ಕೊಳ್ಳುವವರು ಕೆಲವರೇ ಆಗಿ, ಬೆಳೆಯುವವರು ಸಾವಿರಾರು ಮಂದಿಯಾದಾಗ ಬೆಲೆ ಕಟ್ಟುವವನು ಯಾರೆಂಬುದು ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಹೇಳಬೇಕಾದುದಿಲ್ಲ. ಫ್ರಾನ್ಸಿನ ಇನ್ನೊಂದು ಪ್ರಖ್ಯಾತ ಪ್ರದೇಶವಾದ ಬೋರ್ಡೋವನ್ನು ನೋಡಿರಿ. ಜಗತ್ತಿನ ಅತಿ ದುಬಾರಿ ಕೆಂಪು ವೈನುಗಳಲ್ಲಿ ಕೆಲವು ಅಲ್ಲಿಯವು. ಆದರೂ ೨೦೨೩ರಲ್ಲಿ ಅಲ್ಲಿನ ಸಾವಿರಾರು ಹೆಕ್ಟೇರು ದ್ರಾಕ್ಷಿ ಬಳ್ಳಿಯನ್ನು ಕಿತ್ತುಹಾಕಲು ಸರ್ಕಾರವೇ ಹಣ ಕೊಡುವ ಯೋಜನೆ ಬಂದಿತು. ಸಾಧಾರಣ ಬೆಳೆಗಾರನ ವೈನಿಗೆ ಬೆಲೆಯಿಲ್ಲದಂತಾಗಿತ್ತು. ೨೦೨೪ರಲ್ಲಿ ಬೋರ್ಡೋದ ವಾಣಿಜ್ಯ ನ್ಯಾಯಾಲಯವು, ಒಬ್ಬ ಬೆಳೆಗಾರನಿಂದ ಅನ್ಯಾಯವಾದ ಕಡಿಮೆ ಬೆಲೆಗೆ ವೈನು ಕೊಂಡರೆಂದು ಎರಡು ದೊಡ್ಡ ವರ್ತಕ ಸಂಸ್ಥೆಗಳು ಅವನಿಗೆ ಸುಮಾರು ಮೂರೂವರೆ ಲಕ್ಷ ಯೂರೋ ಪರಿಹಾರ ಕೊಡಬೇಕೆಂದು ತೀರ್ಪು ಕೊಟ್ಟಿತು. ಪ್ರಖ್ಯಾತವಾದ ಊರಿನ ಹೆಸರು ಊರಿನವರೆಲ್ಲರ ಹೊಟ್ಟೆ ತುಂಬಿಸುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇದೆಲ್ಲ ಪರದೇಶದ ಮಾತು, ನಮಗೇನು ಎಂದು ಕೆಲವರು ಹೇಳಿಯಾರು. ಆದರೆ ಆ ಹಳ್ಳಿಯ ದ್ರಾಕ್ಷಿ ಬೆಳೆಗಾರರು ಹಾಕಿದ ಗೆರೆ ನಮ್ಮ ಹೊಲದವರೆಗೂ ಬಂದಿದೆ. ಊರಿನ ಹೆಸರು ಆ ಊರಿನ ಬೆಳೆಗಾರರ ಸ್ವತ್ತೆಂಬ ಅದೇ ತತ್ತ್ವವು ೧೯೯೪ರ ಅಂತರರಾಷ್ಟ್ರೀಯ ವಾಣಿಜ್ಯ ಒಪ್ಪಂದದಲ್ಲಿ ಸೇರಿತು. ಅದರಂತೆ ನಮ್ಮ ಸಂಸತ್ತು ೧೯೯೯ರಲ್ಲಿ ಭೌಗೋಳಿಕ ಸೂಚಕಗಳ ಕಾಯಿದೆಯನ್ನು ಮಾಡಿತು. ೨೦೦೩ರಲ್ಲಿ ಅದು ಜಾರಿಗೆ ಬಂದಿತು. ಡಾರ್ಜೀಲಿಂಗ್ ಚಹಾ ಅದರಲ್ಲಿ ಮೊದಲು ನೋಂದಣಿಯಾಯಿತು; ೨೦೧೧ರಲ್ಲಿ ನಮ್ಮ ಬ್ಯಾಡಗಿ ಮೆಣಸಿನಕಾಯಿಗೂ ಆ ಮಾನ್ಯತೆ ದೊರಕಿತು. ಆ ಒಪ್ಪಂದದಲ್ಲಿಯೂ ಒಂದು ಭೇದವಿದೆ. ಬೇರೆ ಪದಾರ್ಥಗಳ ಊರಿನ ಹೆಸರನ್ನು ಜನರು ಮೋಸಹೋಗುವಂತೆ ಬಳಸಿದರೆ ಮಾತ್ರ ತಪ್ಪು. ವೈನು ಮೊದಲಾದ ಮದ್ಯಗಳಿಗಾದರೆ ‘ಅಂಥದು’ ‘ಅದರ ರೀತಿಯದು’ ಎಂದು ಬರೆದು ಮಾರುವುದೂ ತಪ್ಪು. ಪಾನನಿರೋಧವನ್ನು ಸಂವಿಧಾನದಲ್ಲಿ ಬರೆದುಕೊಂಡ ದೇಶದ ಚಹಾಕ್ಕೂ ಮೆಣಸಿನಕಾಯಿಗೂ ಇಲ್ಲದ ರಕ್ಷಣೆ ಫ್ರಾನ್ಸಿನ ಮದ್ಯಕ್ಕೆ ಇದೆ! ಈ ಭೇದವನ್ನು ತೆಗೆಯಬೇಕೆಂದು ಭಾರತವು ಬೇರೆ ಕೆಲವು ದೇಶಗಳೊಡನೆ ಕೇಳುತ್ತ ಬಂದಿರುವುದು ನ್ಯಾಯವೇ ಆಗಿದೆ.

ನಮ್ಮಪ್ಪ ಎರಡೆಕರೆಯಲ್ಲಿ ಬ್ಯಾಡಗಿ ಕಡ್ಡಿ ಮೆಣಸಿನಕಾಯಿ ಬೆಳೆಯುತ್ತಾನೆ. ನೆರಿಗೆ ಬಿದ್ದ ಸಿಪ್ಪೆ, ಕಡಿಮೆ ಖಾರ, ಗಾಢವಾದ ಕೆಂಪು, ಇದು ಅದರ ಗುಣ. ಆ ಕೆಂಪು ಬಣ್ಣಕ್ಕಾಗಿಯೇ ಕಾರ್ಖಾನೆಗಳು ಅದನ್ನು ಕೊಂಡು ಸತ್ತ್ವ ತೆಗೆಯುತ್ತವೆ. ಚೀಲ ಮಾರುಕಟ್ಟೆಯ ಬಾಗಿಲನ್ನು ದಾಟಿತೆಂದರೆ ಅದು ನಮ್ಮ ಮೆಣಸಿನಕಾಯಿ ಎಂಬುದಕ್ಕೆ ಗುರುತು ಉಳಿಯುವುದಿಲ್ಲ. ಒಮ್ಮೆ ಪಟ್ಟಣದ ಅಂಗಡಿಯೊಂದರಲ್ಲಿ ‘ಬ್ಯಾಡಗಿ’ ಎಂದು ಬರೆದ ಖಾರದ ಪುಡಿಯ ಪೊಟ್ಟಣವನ್ನು ಕಂಡು ನಾನು ಕೊಂಡುತಂದೆ. ಅಪ್ಪ ಒಂದು ಚಿಟಿಕೆ ನಾಲಗೆಯ ಮೇಲಿಟ್ಟುಕೊಂಡು, ‘ಇದರಾಗ ನಮ್ಮದು ಎಷ್ಟೈತೋ, ಬ್ಯಾರೆದು ಎಷ್ಟೈತೋ’ ಎಂದನು. ಕಾಯಿದೆಯ ಪ್ರಕಾರ ಬೆಳೆಗಾರನು ಅಧಿಕೃತ ಬಳಕೆದಾರನೆಂದು ಹೆಸರು ನೋಂದಾಯಿಸಿಕೊಳ್ಳಬೇಕು. ನಮ್ಮ ಓಣಿಯಲ್ಲಿ ಹಾಗೆ ಮಾಡಿಕೊಂಡವರು ಒಬ್ಬರೂ ಇಲ್ಲ. ಅಂಥದೊಂದು ಅವಕಾಶವಿದೆಯೆಂಬುದು ಅಪ್ಪನಿಗೆ ಗೊತ್ತಾದುದು, ಸೀಸೆಯ ಪ್ರಶ್ನೆಗೆ ನಾನು ಉತ್ತರ ಹುಡುಕತೊಡಗಿದ ಮೇಲೆಯೇ. ಶಾತೋನೆಫಿನವರು ಕಾಯಿದೆ ಬರುವುದಕ್ಕೆ ಹನ್ನೆರಡು ವರ್ಷ ಮೊದಲೇ ಒಟ್ಟಾಗಿ ಹೊರಟಿದ್ದರು. ನಮಗೆ ಕಾಯಿದೆ ಸಿಕ್ಕಿದೆ. ನಾವಿನ್ನೂ ಒಟ್ಟಾಗಿ ಹೊರಟಿಲ್ಲ.

ಆದುದರಿಂದ ನನ್ನ ಅಭಿಪ್ರಾಯವನ್ನು ಇಷ್ಟರಲ್ಲಿ ಹೇಳಿ ಮುಗಿಸುತ್ತೇನೆ. ಸಾದಾ ಚೀಟಿಯ ಸೀಸೆಯನ್ನು ಹೀಗಳೆಯುವುದು ತಪ್ಪು. ದೊಡ್ಡ ಹೆಸರಿನ ಫಲವು ದೊಡ್ಡ ಹಣದವರಿಗೇ ಮೀಸಲಾಗಿರಬೇಕೆಂಬ ಶಾಸ್ತ್ರವೇನೂ ಇಲ್ಲ. ಆದರೆ ಆ ಚೀಟಿ ಪೂರ್ಣವಾಗಬೇಕಾದರೆ ಅದರ ಮೇಲೆ ಬೆಳೆದವರ ಹೆಸರೂ ಇರಬೇಕು. ಇದಕ್ಕೆ ಆಕ್ಷೇಪವುಂಟೆಂದು ಬಲ್ಲೆ. ತನ್ನ ಮುದ್ರೆಯ ಸೀಸೆಯನ್ನು ಐವತ್ತು ಡಾಲರಿಗೆ ಮಾರುವ ತೋಟದವನು, ಇಪ್ಪತ್ತರ ಸೀಸೆಯ ಮೇಲೆ ತನ್ನ ಹೆಸರು ಬೇಡವೆಂದು ತಾನೇ ಹೇಳಬಹುದು. ಹೇಳಲಿ, ಅದು ಅವನ ಇಚ್ಛೆಯಾಗಿರಲಿ, ಕೊಳ್ಳುವವನ ಷರತ್ತಾಗಿರಬಾರದು. ಹಲವರ ಮಾಲು ಬೆರೆತಿದ್ದರೆ ಅವರ ಸಂಘದ ಹೆಸರನ್ನಾದರೂ ಬರೆಯಬಹುದು. ಒಂದು ಸಾಲು ಶಾಯಿಯಿಂದ ಬೆಲೆ ಏರುವುದಿಲ್ಲ. ಹೆಸರಿದ್ದವನು ಮುಂದಿನ ವರ್ಷ ಬೆಲೆಯ ಮಾತನಾಡುವಾಗ ಬರಿಗೈಯಲ್ಲಿ ನಿಂತಿರುವುದಿಲ್ಲ.

ಇದೇ ಮಾತನ್ನು ನಮ್ಮ ಖಾರದ ಪುಡಿಯ ಪೊಟ್ಟಣಕ್ಕೂ ಅನ್ವಯಿಸಬಹುದು. ಈ ವರ್ಷ ಪರೀಕ್ಷೆ ಮುಗಿದ ಕೂಡಲೆ ಊರಿಗೆ ಹೋಗಿ ನಮ್ಮ ಓಣಿಯ ಹದಿನೆಂಟು ಮನೆಗಳ ಅರ್ಜಿಗಳನ್ನು ನಾನೇ ತುಂಬಿ ಕಳುಹಿಸಬೇಕೆಂದು ನಿಶ್ಚಯಿಸಿದ್ದೇನೆ. ಬಿ.ಎ. ಓದಿ ಏನು ಮಾಡಿದಿ ಎಂದು ಯಾರಾದರೂ ಕೇಳಿದರೆ ಹೇಳಲು ಇಷ್ಟಾದರೂ ಇರಲಿ. ಬೇಸಾಯದ ಮನೆಗಳಿಂದ ಬಂದ ನನ್ನ ಸಹಪಾಠಿಗಳೂ ರಜೆಯಲ್ಲಿ ಒಂದು ದಿನವನ್ನು ಈ ಕೆಲಸಕ್ಕೆ ಕೊಟ್ಟರೆ ಒಳ್ಳೆಯದು. ಅರ್ಜಿಯ ಮೊದಲನೆಯ ಸಾಲಿನಲ್ಲಿ ಕೇಳುವುದು ಬೆಳೆದವನ ಹೆಸರನ್ನೇ. ಅಲ್ಲಿ ಅಪ್ಪನ ಹೆಸರನ್ನು ಬರೆದು ಅವನಿಗೆ ಓದಿ ತೋರಿಸಬೇಕೆಂದು ನನಗೆ ಬಹಳ ಆಸೆಯಿದೆ.